ಬೆಳಕು ಎಳೆಯುತ್ತದೆಯೇ? ಒಂಬತ್ತನೇ ಕ್ಲಾಸಿನ ಒಂದು ಬಾಕಿ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನ್ನನ್ನು ಕರೆದಾಗ, "ಸಾಫ್ಟ್‌ವೇರ್ ಕೆಲಸ ಸಿಗಬೇಕಾದರೆ ಮಕ್ಕಳು ಏನು ಮಾಡಬೇಕು ಅಂತ ಹತ್ತು ನಿಮಿಷ ಹೇಳಿ" ಅಂದಿದ್ದರು. ಅದನ್ನು ಹೇಳುವವರು ವೈಟ್‌ಫೀಲ್ಡಿನ ಪ್ರತಿ ಟೀ ಅಂಗಡಿಯ ಮುಂದೂ ಸಿಗುತ್ತಾರೆ. ನನಗೆ ಈ ಶಾಲೆಯಲ್ಲಿ ಒಂದು ಬಾಕಿ ಇದೆ. ಅದನ್ನು ತೀರಿಸಿ ಕೂರುತ್ತೇನೆ, ಅಪ್ಪಣೆ ಕೊಡಿ ಎಂದು ಕೇಳಿದೆ. ಒಪ್ಪಿದರು.

2002ನೇ ಇಸವಿ. ಅಗೋ, ಆ ಹೆಂಚಿನ ಕೊಠಡಿ, ಒಂಬತ್ತನೇ ಕ್ಲಾಸು. ವಿಜ್ಞಾನದ ಮೇಷ್ಟ್ರು ಗುರುತ್ವಾಕರ್ಷಣೆಯ ಪಾಠ ಮಾಡುತ್ತಿದ್ದರು. ಲೋಕದಲ್ಲಿ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಎಳೆಯುತ್ತದೆ, ಸೀಮೆಸುಣ್ಣ ಡಸ್ಟರನ್ನು ಎಳೆಯುತ್ತದೆ, ನೀನು ಪಕ್ಕದವನನ್ನು ಎಳೆಯುತ್ತೀಯ ಅಂದರು. ಬೋರ್ಡಿನ ಮೇಲೆ ನ್ಯೂಟನ್ನನ ಸೂತ್ರ ಇತ್ತು. ಮೇಲೆ ಎರಡು ದ್ರವ್ಯರಾಶಿಗಳ ಗುಣಲಬ್ಧ, ಕೆಳಗೆ ದೂರದ ವರ್ಗ. ಆಗ ನನ್ನ ಬೆಂಚಿನಲ್ಲೇ ಕೂತಿದ್ದ ಗೆಳೆಯ ಎದ್ದು ನಿಂತು ಕೇಳಿದ: "ಹಂಗಾದ್ರೆ ಬೆಳಕೂ ಎಳೀತೈತಾ ಸಾ?"

ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಬೆಳಕಿಗೆ ದ್ರವ್ಯರಾಶಿ ಇಲ್ಲ ಕಣಪ್ಪ. ಸೂತ್ರಕ್ಕೆ ಹಾಕಿ ನೋಡೋಣ, ಯಾರು ಬರ್ತೀರಿ?" ಅಂದರು. ಹೋದವನು ನಾನು. ಒಂದು ದ್ರವ್ಯರಾಶಿಯ ಜಾಗದಲ್ಲಿ ಸೊನ್ನೆ ಹಾಕಿದೆ, ಉತ್ತರ ಸೊನ್ನೆ ಬಂತು. ಅಷ್ಟಕ್ಕೇ ಬಂದು ಕೂತಿದ್ದರೆ ಆಗುತ್ತಿತ್ತು. ತಿರುಗಿ ನಿಂತು, "ಸೊನ್ನೆ ಎಳೀತದೇನೋ ಟ್ಯೂಬ್‌ಲೈಟ್?" ಅಂದೆ. ಕ್ಲಾಸೆಲ್ಲ ನಕ್ಕಿತು. ಟ್ಯೂಬ್‌ಲೈಟ್ ಅನ್ನುವ ಹೆಸರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವನಿಗೆ ಅಂಟಿಕೊಂಡಿತು. ಅವನು ಆಮೇಲೆ ಕ್ಲಾಸಿನಲ್ಲಿ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ. ಮೇಷ್ಟ್ರು ಮಾತ್ರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನನ್ನು ಕರೆದು, "ನಿನ್ನ ಪ್ರಶ್ನೆಗೆ ನನಗೆ ಪೂರ್ತಿ ಗೊತ್ತಿಲ್ಲ, ಓದಿ ಹೇಳ್ತೀನಿ" ಅಂದಿದ್ದರಂತೆ. ಅಷ್ಟರಲ್ಲಿ ಅವರಿಗೆ ವರ್ಗವಾಯಿತು.

ಅವನು ಗಣಿತದಲ್ಲಿ ಒಂದು ಸಲ ನಿಂತು, ಪೂರಕ ಪರೀಕ್ಷೆ ಕಟ್ಟಿ, ಐಟಿಐ ಮಾಡಿ, ಈಗ ಹೊಸಕೋಟೆ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ ಮಷೀನುಗಳನ್ನು ಸೆಟ್ ಮಾಡುವ ಕೆಲಸದಲ್ಲಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ಹೇಳುವುದಿಲ್ಲ. ನಾನು ಬಿಇ ಮಾಡಿದೆ. 2020ರ ಲಾಕ್‌ಡೌನಿನಲ್ಲಿ ಸಂಜೆ ಹೊತ್ತು ಮಾಡಲು ಕೆಲಸವಿಲ್ಲದೆ ಭೌತಶಾಸ್ತ್ರದ ಪುಸ್ತಕ ಹಿಡಿದಾಗ ಗೊತ್ತಾಯಿತು. ಅವನ ಪ್ರಶ್ನೆಗೆ ಸರಿಯುತ್ತರ 'ಹೌದು'. ಬೆಳಕು ಎಳೆಯುತ್ತದೆ. ಸೊನ್ನೆ ಹಾಕಿದ ನನ್ನದೇ ತಪ್ಪು.

ಹೇಗೆ ಅನ್ನುವುದನ್ನು ನಮ್ಮ ಊರಿನ ಹತ್ತಿರದಿಂದಲೇ ಶುರು ಮಾಡುತ್ತೇನೆ. ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಒಂದು ಕೇಂದ್ರ ಇದೆ. ಅಜ್ಜಿ ಊರಿಗೆ ಹೋಗುವಾಗ ಅದೇ ರಸ್ತೆಯ ಬಸ್ಸಿನಲ್ಲಿ ಹೋಗುತ್ತಿದ್ದೆವು. ಒಳಗೆ ಏನಿದೆ ಎಂದು ಯಾವತ್ತೂ ಕೇಳಿದವರಲ್ಲ. ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ ಸುಮಾರು 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯಿರುವ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯ ಈ ಕೇಂದ್ರದಿಂದ. ನಾವು ಇಲ್ಲಿ ರಾಗಿ ಕಣ ಮಾಡಿ ಮಲಗಿದ ರಾತ್ರಿಗಳಲ್ಲಿ ಐದಾರು ಕಿಲೋಮೀಟರ್ ಆಚೆ ಯಾರೋ ಕೂತು ಹಿಮಾಲಯದ ದೂರದರ್ಶಕವನ್ನು ತಿರುಗಿಸುತ್ತಿದ್ದರು.

ಆ ದೂರದರ್ಶಕ ನೋಡಿದ ಒಂದು ವಸ್ತುವಿನ ಕಥೆ ಹೇಳುತ್ತೇನೆ. ತುಂಬ ದೂರದ ಒಂದು ಕ್ವೇಸಾರ್, ಅಂದರೆ ಗೆಲಕ್ಸಿಯೊಂದರ ಧಗಧಗಿಸುವ ನಡುಭಾಗ. ಅದರಿಂದ ಬೆಳಕು ಹೊರಟು ಸುಮಾರು 1000 ಕೋಟಿ ವರ್ಷ ಆಗಿದೆ. ಆಕಾಶದಲ್ಲಿ ಅದು ಒಂದಲ್ಲ, ಅಕ್ಕಪಕ್ಕದಲ್ಲಿ ಎರಡಾಗಿ ಕಾಣುತ್ತದೆ. ದಾರಿಯಲ್ಲಿ ಇನ್ನೊಂದು ಗೆಲಕ್ಸಿ ಅಡ್ಡ ಇದೆ. ಅದರ ಗುರುತ್ವ ಬೆಳಕನ್ನು ಎರಡೂ ಕಡೆಯಿಂದ ಬಗ್ಗಿಸಿ ನಮ್ಮತ್ತ ಕಳಿಸುತ್ತಿದೆ. ಹೊಸಕೋಟೆಯಿಂದ ಕೆ.ಆರ್. ಪುರಕ್ಕೆ ಒಂದೇ ಹೊತ್ತಿಗೆ ಎರಡು ಬಸ್ಸು ಬಿಟ್ಟರು ಅಂದುಕೊಳ್ಳಿ. ಒಂದು ನೇರ ಹಳೇ ಮದ್ರಾಸ್ ರಸ್ತೆಯಲ್ಲಿ, ಇನ್ನೊಂದು ಕಾಡುಗೋಡಿ, ವೈಟ್‌ಫೀಲ್ಡ್ ಸುತ್ತಿಕೊಂಡು. ಎರಡನೆಯದು ತಡವಾಗುತ್ತದೆ. (ಎಷ್ಟು ತಡ ಅನ್ನುವುದನ್ನು ಹೋಪ್ ಫಾರ್ಮ್ ಸಿಗ್ನಲ್ ತೀರ್ಮಾನಿಸುತ್ತದೆ.) ಹಾಗೆಯೇ ಈ ಕ್ವೇಸಾರಿನ ಒಂದು ಚಿತ್ರ ಮಿನುಗಿದರೆ ಇನ್ನೊಂದು ಚಿತ್ರ ಅದೇ ರೀತಿ ಮಿನುಗುವುದು ಸುಮಾರು 119 ದಿನ ತಡವಾಗಿ. 2005ರಿಂದ 2011ರವರೆಗೆ ಆರು ವರ್ಷ ಮೀರಿ ಕಾದು ನೋಡಿ ಇದನ್ನು ಅಳೆದರು. ಸ್ಪೇನಿನ ಕ್ಯಾನರಿ ದ್ವೀಪದ ಒಂದು ದೂರದರ್ಶಕ, ಉಜ್ಬೇಕಿಸ್ತಾನದ ಒಂದು, ಜೊತೆಗೆ ನಮ್ಮ ಹಾನ್ಲೆಯದು. ಬೆಂಗಳೂರಿನ ವಿಜ್ಞಾನಿಗಳು ಯುರೋಪಿನವರ ಜೊತೆ ಸೇರಿ 2013ರಲ್ಲಿ ಇದನ್ನು ಪ್ರಕಟಿಸಿದರು.

ಗುರುತ್ವ ಬೆಳಕನ್ನು ಬಗ್ಗಿಸುತ್ತದೆ ಅನ್ನುವುದು ಮೊದಲು ಗೊತ್ತಾದದ್ದು 1919ರ ಮೇ 29ರ ಪೂರ್ಣ ಸೂರ್ಯಗ್ರಹಣದಲ್ಲಿ. ಎಡ್ಡಿಂಗ್ಟನ್ ಮತ್ತು ಅವರ ಸಂಗಡಿಗರು ಆಫ್ರಿಕಾದ ಪಕ್ಕದ ಪ್ರಿನ್ಸಿಪೆ ದ್ವೀಪದಲ್ಲೂ ಬ್ರೆಜಿಲಿನ ಸೊಬ್ರಾಲ್‌ನಲ್ಲೂ ಸೂರ್ಯನ ಅಂಚಿನಲ್ಲಿ ಕಂಡ ನಕ್ಷತ್ರಗಳ ಚಿತ್ರ ತೆಗೆದರು. ಐನ್‌ಸ್ಟೈನ್ ಹೇಳಿದ್ದ ಬಾಗುವಿಕೆ 1.75 ಸೆಕೆಂಡ್ ಕೋನ. ಇದು ಗಡಿಯಾರದ ಸೆಕೆಂಡಲ್ಲ, ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು. ನಮ್ಮ ಕಾಲದ ದೊಡ್ಡ ಒಂದು ರೂಪಾಯಿ ನಾಣ್ಯವನ್ನು ಸುಮಾರು 3 ಕಿಲೋಮೀಟರ್ ದೂರದಲ್ಲಿ ಹಿಡಿದರೆ ಎಷ್ಟು ಕಾಣುತ್ತದೋ ಅಷ್ಟು. ನ್ಯೂಟನ್ನನ ದಾರಿಯಲ್ಲಿ ಲೆಕ್ಕ ಹಾಕಿದರೆ ಅದರ ಅರ್ಧ ಮಾತ್ರ ಬರುತ್ತದೆ. ಅಳತೆಗೆ ಒಪ್ಪಿದ್ದು ಐನ್‌ಸ್ಟೈನರ ಲೆಕ್ಕ.

ಇಲ್ಲಿ ಮಕ್ಕಳು ನನ್ನನ್ನು ಹಿಡಿದುಹಾಕಬೇಕು. "ಅಣ್ಣಾ, ನೀವು ಹೇಳಿದ್ದು ಬೇರೆಯವರು ಬೆಳಕನ್ನು ಎಳೆಯುವುದು. ಬೆಳಕು ಬೇರೆಯವರನ್ನು ಎಳೆಯುತ್ತದೆಯೇ ಅನ್ನುವುದು ಪ್ರಶ್ನೆ." ಸರಿ. ಅದಕ್ಕೆ ಒಂಬತ್ತನೇ ಕ್ಲಾಸಿನ ಇನ್ನೊಂದು ಪಾಠ ಸಾಕು, ನ್ಯೂಟನ್ನನ ಮೂರನೇ ನಿಯಮ. ಹಗ್ಗ ಜಗ್ಗುವ ಆಟದಲ್ಲಿ ಒಂದು ಕಡೆಯವರು ಮಾತ್ರ ಎಳೆಯಲು ಆಗುವುದಿಲ್ಲ. ಸೂರ್ಯ ಬೆಳಕಿನ ದಾರಿಯನ್ನು ತನ್ನ ಕಡೆ ತಿರುಗಿಸಿದರೆ ಬೆಳಕಿನ ಸಂವೇಗದ ದಿಕ್ಕು ಬದಲಾಯಿತು. ಲೋಕದ ಒಟ್ಟು ಸಂವೇಗ ಬದಲಾಗುವಂತಿಲ್ಲ. ಆದ್ದರಿಂದ ಸೂರ್ಯನೂ ಬೆಳಕಿನ ಕಡೆಗೆ ಅಷ್ಟೇ ಸಂವೇಗದಷ್ಟು ಸರಿದಿರಲೇಬೇಕು. ಸೂರ್ಯನನ್ನು ಸರಿಸಿದವರು ಯಾರು? ಆ ಬೆಳಕೇ. ಐನ್‌ಸ್ಟೈನರ ಸಿದ್ಧಾಂತದಲ್ಲಿ ಈ ಮಾತನ್ನು ಇನ್ನಷ್ಟು ಹುಷಾರಾಗಿ ಹೇಳಬೇಕು, ಆದರೆ ಕೊನೆಯ ಲೆಕ್ಕದಲ್ಲಿ ಬರುವುದು ಇದೇ.

ತೂಕವಿಲ್ಲದ ಬೆಳಕಿಗೆ ಸಂವೇಗ ಎಲ್ಲಿಂದ ಬಂತು ಅನ್ನಬೇಡಿ. ಬೆಳಕು ತಳ್ಳುವುದು ಬೆಂಗಳೂರಿನ ವಿಮಾನಪುರದಲ್ಲಿ ಉಪಗ್ರಹ ಕಟ್ಟುವವರಿಗೆ ದಿನನಿತ್ಯದ ತಲೆನೋವು. 1992ರಲ್ಲಿ ಹಾರಿಸಿದ ಇನ್ಸಾಟ್-2ಎ ಉಪಗ್ರಹದ ಚಿತ್ರ ನೋಡಿ. ಸೌರಫಲಕ ಒಂದೇ ಬದಿಗೆ ಇತ್ತು, ಯಾಕೆಂದರೆ ಇನ್ನೊಂದು ಬದಿಯಲ್ಲಿ ಹವಾಮಾನದ ಕ್ಯಾಮೆರಾವನ್ನು ತಣ್ಣಗಿಡುವ ಏರ್ಪಾಡಿಗೆ ಜಾಗ ಬಿಡಬೇಕಿತ್ತು. ಫಲಕದ ಮೇಲೆ ಬಿಸಿಲು ಬಿದ್ದು ತಳ್ಳಿದರೆ ಉಪಗ್ರಹ ನಿಧಾನಕ್ಕೆ ತಿರುಗಿಬಿಡುತ್ತದೆ. ಅದಕ್ಕೆ ಎದುರು ಬದಿಯಲ್ಲಿ ಉದ್ದನೆಯ ಕಡ್ಡಿಯ ತುದಿಗೆ ಒಂದು ಪಟ ಕಟ್ಟಿದ್ದರು. ಅದರ ಮೇಲೂ ಬಿಸಿಲು ಬಿದ್ದು ತಳ್ಳಿ ಸಮ ಮಾಡಲಿ ಅಂತ. ತಕ್ಕಡಿಗೆ ಪಾಸಂಗ ಕಟ್ಟಿದ ಹಾಗೆ. ಬೆಳಕಿನ ಒಂದೊಂದು ಕಣಕ್ಕೆ, ಅಂದರೆ ಫೋಟಾನಿಗೆ, ದ್ರವ್ಯರಾಶಿ ಇಲ್ಲ ನಿಜ. ಆದರೆ ಶಕ್ತಿ ಇದೆ, ಸಂವೇಗ ಇದೆ.

ಹಾಗಾದರೆ ಬೋರ್ಡಿನ ಮೇಲಿನ ಸೂತ್ರ ಸುಳ್ಳೇ? ಸುಳ್ಳಲ್ಲ, ಅದರ ಪಹಣಿ ಚಿಕ್ಕದು. ಇಲ್ಲಿರುವ ಹಿರಿಯರಿಗೆ ಪಹಣಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಒಂದು ಸರ್ವೆ ನಂಬರಿಗೆ ಎಷ್ಟು ಕಲಂ! ನ್ಯೂಟನ್ನನ ಪಹಣಿಯಲ್ಲಿ ಒಂದೇ ಕಲಂ ಇತ್ತು, ದ್ರವ್ಯರಾಶಿ. ಅಲ್ಲಿ ಸೊನ್ನೆ ಇದ್ದವನು ಎಳೆಯುವ ಹಾಗಿಲ್ಲ. 1915ರಲ್ಲಿ ಐನ್‌ಸ್ಟೈನ್ ಬರೆದ ಪಹಣಿಯಲ್ಲಿ ಹತ್ತು ಕಲಂಗಳು. ಎಷ್ಟು ಶಕ್ತಿ ತುಂಬಿದೆ, ಅದು ಯಾವ ಕಡೆ ಹರಿಯುತ್ತಿದೆ, ಎಷ್ಟು ಒತ್ತಡ ಹಾಕುತ್ತಿದೆ, ಎಲ್ಲವೂ ಗುರುತ್ವಕ್ಕೆ ಕಾರಣ. ಕಲ್ಲಿನಂಥ ವಸ್ತುವಿಗೆ ದ್ರವ್ಯರಾಶಿಯ ರೂಪದ ಶಕ್ತಿಯೇ ಎಷ್ಟು ದೊಡ್ಡದೆಂದರೆ ಉಳಿದ ಕಲಂಗಳು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ನ್ಯೂಟನ್ನನ ಸೂತ್ರದಲ್ಲಿ ಸೇತುವೆ ಕಟ್ಟಬಹುದು, ರಾಕೆಟ್ ಹಾರಿಸಬಹುದು. ಬೆಳಕಿಗೆ ಮಾತ್ರ ಅದು ಸಾಲುವುದಿಲ್ಲ. ಅಲ್ಲಿ ಶಕ್ತಿಯ ಕಲಂ ತುಂಬಿದೆ, ಒತ್ತಡದ ಕಲಮೂ ತುಂಬಿದೆ. ಎಲ್ಲ ದಿಕ್ಕಿಗೂ ಓಡಾಡುವ ಬೆಳಕು ಒಂದು ಜಾಗವನ್ನು ತುಂಬಿದ್ದರೆ ಅದರ ಒತ್ತಡವೂ ಸೇರಿ, ಅಷ್ಟೇ ಶಕ್ತಿಯ ಧೂಳಿಗಿಂತ ಎರಡರಷ್ಟು ಎಳೆಯುತ್ತದೆ.

ಎಷ್ಟು ಎಳೆಯುತ್ತದೆ ಅಂತ ನಮ್ಮ ಅಳತೆಗೆ ತಂದುಕೊಳ್ಳೋಣ. ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಅದಕ್ಕೆ ಸಮನಾದ ದ್ರವ್ಯರಾಶಿ ಸಿಗುತ್ತದೆ. 10 ವ್ಯಾಟಿನ ಎಲ್‌ಇಡಿ ಬಲ್ಬು ಇಡೀ ಒಂದು ದಿನ ಉರಿದು, ಕೊಟ್ಟ ಕರೆಂಟೆಲ್ಲ ಬೆಳಕೇ ಆಯಿತು ಅಂದುಕೊಂಡರೂ ಬರುವುದು ಒಂದು ಗ್ರಾಮಿನ 10 ಕೋಟಿಯಲ್ಲಿ ಒಂದು ಪಾಲು. ಒಂದು ಕೆ.ಜಿ. ಆಗಬೇಕಾದರೆ 2500 ಕೋಟಿ ಯೂನಿಟ್ ಬೇಕು. ಬಿಲ್ಲು ಯಾರು ಕಟ್ಟುತ್ತಾರೋ! ಇಡೀ ಭೂಮಿಯ ಮೇಲೆ ಒಂದು ಸೆಕೆಂಡಿಗೆ ಬೀಳುವ ಬಿಸಿಲು, ಅಮೆರಿಕದ ಹಗಲಾಗಲಿ ನಮ್ಮ ಹಗಲಾಗಲಿ ಎಲ್ಲ ಸೇರಿ, ಸುಮಾರು 2 ಕೆ.ಜಿ. ಅಷ್ಟೇ. ಆದರೆ ಸೂರ್ಯ ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕಿನ ಲೆಕ್ಕ ಬೇರೆ. ಅದು ಸೆಕೆಂಡಿಗೆ 40 ಲಕ್ಷ ಟನ್ನಿಗೂ ಮೇಲೆ. ನಮ್ಮ ರಸ್ತೆ ಹಾಳು ಮಾಡುವ 20 ಟನ್ನಿನ ಟಿಪ್ಪರುಗಳಲ್ಲಿ ತುಂಬಿದರೆ ಒಂದೊಂದು ಸೆಕೆಂಡಿಗೆ ಎರಡು ಲಕ್ಷ ಟಿಪ್ಪರ್. ಅಷ್ಟು ಸೂರ್ಯನಲ್ಲಿ ಕಡಿಮೆಯಾಗುತ್ತದೆ. ಕಡಿಮೆಯಾದದ್ದು ಮಾಯವಾಗುವುದಿಲ್ಲ, ಬೆಳಕಿನ ಜೊತೆ ಹೋಗುತ್ತದೆ, ತನ್ನ ಎಳೆತವನ್ನೂ ತೆಗೆದುಕೊಂಡು.

ಇಲ್ಲಿ ಒಂದು ವಿಚಿತ್ರ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಎರಡು ಟಾರ್ಚ್ ಬೆಳಕು ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಓಡುತ್ತಿದ್ದರೆ ಅವು ಒಂದನ್ನೊಂದು ಎಳೆಯುತ್ತವೆಯೇ? ಟೋಲ್ಮನ್, ಎಹ್ರೆನ್‌ಫೆಸ್ಟ್, ಪೊಡೋಲ್ಸ್ಕಿ ಎಂಬ ಮೂವರು 1931ರಲ್ಲಿ ಈ ಲೆಕ್ಕ ಮಾಡಿದರು. ಉತ್ತರ, ಎಳೆಯುವುದಿಲ್ಲ. ಎದುರುಬದುರು ಓಡುತ್ತಿದ್ದರೆ ಎಳೆಯುತ್ತವೆ. ಯಾಕೆ? ವೇಗ ಹೆಚ್ಚಿದಂತೆ ಓಡುವವನ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ ಅನ್ನುವುದು ಐನ್‌ಸ್ಟೈನರ ಹಳೆಯ ಮಾತು. ಜೊತೆಜೊತೆಗೆ ಓಡುವ ಇಬ್ಬರು ಪರಸ್ಪರ ಹತ್ತಿರ ಬರಬೇಕಾದರೆ ಅವರಿಗೆ ಹೊತ್ತು ಬೇಕಲ್ಲ. ಅವರ ವೇಗ ಬೆಳಕಿನ ವೇಗವನ್ನು ಮುಟ್ಟುತ್ತಾ ಹೋದರೆ ಗಡಿಯಾರ ನಿಂತೇ ಹೋಗುತ್ತದೆ, ಹತ್ತಿರ ಬರುವ ಗಳಿಗೆ ಬರುವುದೇ ಇಲ್ಲ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಒಂದೇ ದಿಕ್ಕಿಗೆ ಹೋಗುವ ಎರಡು ಫೋಟಾನುಗಳನ್ನು ಒಟ್ಟಿಗೆ ಸೇರಿಸಿ ಒಂದು ಗುಂಪು ಅಂದರೆ ಆ ಗುಂಪಿನ ದ್ರವ್ಯರಾಶಿ ಸೊನ್ನೆಯೇ. ಎದುರುಬದುರು ಹೋಗುವ ಎರಡನ್ನು ಗುಂಪು ಮಾಡಿದರೆ ಅದರ ದ್ರವ್ಯರಾಶಿ ಸೊನ್ನೆಯಲ್ಲ! ಸೊನ್ನೆ ಮತ್ತು ಸೊನ್ನೆ ಕೂಡಿ ಸೊನ್ನೆಯಲ್ಲದ್ದು ಬರುತ್ತದೆ. ಒಳಗೆಲ್ಲ ಕನ್ನಡಿ ಹಾಕಿದ ಡಬ್ಬಿಯಲ್ಲಿ ಬೆಳಕು ತುಂಬಿ ಮುಚ್ಚಳ ಹಾಕಿದರೆ ಡಬ್ಬಿ ಮೊದಲಿಗಿಂತ ಭಾರವಾಗುತ್ತದೆ. ಈ ಮಾತು ನನಗೆ ಆ ದಿನ ಗೊತ್ತಿದ್ದರೆ ಬೋರ್ಡಿನ ಮುಂದೆ ಅಷ್ಟು ಜೋರು ಮಾಡುತ್ತಿರಲಿಲ್ಲ.

ದ್ರವ್ಯರಾಶಿ ಇಲ್ಲದ್ದು ದ್ರವ್ಯರಾಶಿಯನ್ನು ಹೊತ್ತುಕೊಂಡು ಹೋಗುವುದಕ್ಕೆ ಬೆಂಗಳೂರಿನವರೊಬ್ಬರ ನೆನಪು ಬರುತ್ತದೆ. ಶಾಲೆಯಿಂದ ಪ್ರವಾಸ ಹೋದಾಗ ಕಬ್ಬನ್ ಪಾರ್ಕು, ಮ್ಯೂಸಿಯಂ ಆದಮೇಲೆ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದರಲ್ಲ, ಕುರ್ಚಿ ಹಿಂದಕ್ಕೆ ವಾಲುತ್ತದೆ ಅನ್ನುವುದೇ ನಮಗೆ ದೊಡ್ಡ ಸಂಭ್ರಮ. ಆ ತಾರಾಲಯದ ಸ್ಥಾಪಕ ನಿರ್ದೇಶಕರು ಸಿ.ವಿ. ವಿಶ್ವೇಶ್ವರ. ಬೆಂಗಳೂರಿನಲ್ಲೇ ಹುಟ್ಟಿದವರು. ಕಪ್ಪುಕುಳಿಯನ್ನು ಕದಲಿಸಿದರೆ ಅದು ಗಂಟೆಯ ಹಾಗೆ ಮೊಳಗಿ ಬೇಗ ತಣ್ಣಗಾಗುತ್ತದೆ ಎಂದು 1970ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ ಗುರುತ್ವದ ಅಲೆ ಮೊದಲ ಬಾರಿಗೆ ಸಿಕ್ಕಿತು. ಸೂರ್ಯನ ಸುಮಾರು 36 ಪಟ್ಟು ಮತ್ತು 29 ಪಟ್ಟು ಭಾರದ ಎರಡು ಕಪ್ಪುಕುಳಿಗಳು ಸೇರಿ 62 ಪಟ್ಟಿನ ಒಂದಾದವು. ಕೂಡಿ ನೋಡಿ ಮಕ್ಕಳೇ, ಮೂರು ಕಡಿಮೆ. ಮೂರು ಸೂರ್ಯನಷ್ಟು ದ್ರವ್ಯರಾಶಿ ಅಲೆಗಳಾಗಿ ಹೊರಟುಹೋಯಿತು. ಆ ಅಲೆಗೂ ಬೆಳಕಿನ ಹಾಗೆ ಸ್ವಂತ ದ್ರವ್ಯರಾಶಿ ಇಲ್ಲ, ಬೆಳಕಿನ ವೇಗದಲ್ಲೇ ಓಡುತ್ತದೆ. ವಿಶ್ವೇಶ್ವರ ಈ ಸುದ್ದಿ ಕೇಳಿಯೇ 2017ರ ಜನವರಿಯಲ್ಲಿ ತೀರಿಕೊಂಡರು. ಈಗ ಪೀಣ್ಯದ ಆಚೆ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಐಸಿಟಿಎಸ್ ಸಂಸ್ಥೆಯಲ್ಲಿ ಗುರುತ್ವದ ಅಲೆಗಳ ಕೆಲಸ ನಡೆಯುತ್ತಿದೆ. ಬಿಎಂಟಿಸಿ ಬಸ್ಸಿನ ದೂರ.

ಬೆಳಕಿನ ಎಳೆತ ಇಷ್ಟು ಅಲ್ಪವಾದರೆ ಅದರಿಂದ ಆಗಬೇಕಾದದ್ದೇನು ಅಂತ ಕೇಳಬಹುದು. ಇವತ್ತು ಏನೂ ಇಲ್ಲ. ಆದರೆ ಈ ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ. ಅದರ ಮೊದಲ 50 ಸಾವಿರ ವರ್ಷ ಯಜಮಾನಿಕೆ ಬೆಳಕಿನದೇ. ನ್ಯೂಟ್ರಿನೋ ಎಂಬ ಹಗುರ ಕಣಗಳೂ ಪಾಲುದಾರರು. ಆಗ ವಸ್ತುವಿಗಿಂತ ಬೆಳಕಿನ ಶಕ್ತಿ ಹೆಚ್ಚಿತ್ತು. ವಿಶ್ವ ಹಿಗ್ಗುವ ವೇಗವನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಮುಖ್ಯವಾಗಿ ಈ ಕಣಗಳ ಗುರುತ್ವ. ಮೊದಲ ಕೆಲವು ನಿಮಿಷಗಳಲ್ಲಿ ಹೀಲಿಯಂ ಬೆಂದದ್ದು ಆ ಹಿಗ್ಗುವ ವೇಗದ ಮೇಲೇ ನಿಂತಿತ್ತು. ಒಲೆ ಎಷ್ಟು ಬೇಗ ಆರುತ್ತದೆ ಅನ್ನುವುದರ ಮೇಲೆ ಮುದ್ದೆ ಎಷ್ಟು ಬೇಯುತ್ತದೆ ಅನ್ನುವ ಹಾಗೆ. ಬೆಳಕಿನ ಎಳೆತವನ್ನು ಲೆಕ್ಕಕ್ಕೆ ಹಿಡಿದರೆ, ಆಗಿನ ಸಾಮಾನ್ಯ ವಸ್ತುವಿನಲ್ಲಿ ತೂಕದಲ್ಲಿ ಕಾಲು ಭಾಗ ಹೀಲಿಯಂ ಆಗಬೇಕು. ದೂರದರ್ಶಕದಲ್ಲಿ ನೋಡಿದರೂ ಅಷ್ಟೇ ಇದೆ. ಬೆಳಕಿಗೆ ಸೊನ್ನೆ ಹಾಕಿದರೆ ಈ ಲೆಕ್ಕ ಕೂಡುವುದೇ ಇಲ್ಲ.

ಇಷ್ಟನ್ನೂ ಹೋದ ವಾರ ಫೋನು ಮಾಡಿ ನನ್ನ ಗೆಳೆಯನಿಗೆ ಹೇಳಿದೆ. "ಅವತ್ತು ನೀನು ಕೇಳಿದ್ದು ಸರಿಯಾದ ಪ್ರಶ್ನೆ ಕಣೋ, ನಾನು ನಗಿಸಿದ್ದು ತಪ್ಪು, ವೇದಿಕೆ ಮೇಲೆ ಹೇಳ್ತೀನಿ" ಅಂದೆ. ಅವನಿಗೆ ಆ ದಿನ ನನಗಿಂತ ಚೆನ್ನಾಗಿ ನೆನಪಿತ್ತು. ನಾನು ಯಾವ ಬಣ್ಣದ ಸೀಮೆಸುಣ್ಣದಲ್ಲಿ ಸೊನ್ನೆ ಬರೆದೆ ಅನ್ನುವುದನ್ನೂ ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಅದೆಲ್ಲ ಸರಿ ಮಗಾ. ಒಂದು ಬೆಳಕಿನ ಕಿರಣ ಎಷ್ಟು ಎಳೀತೈತೆ ಅಂತ ಯಾರಾದ್ರೂ ಗೇಜ್ ಇಟ್ಟು ಅಳೆದವ್ರಾ?"

ದಿನಾ ಮೈಕ್ರಾನಿನಲ್ಲಿ ಅಳೆಯುವವನ ಪ್ರಶ್ನೆ ಅದು. ನಿಜ ಹೇಳಬೇಕಲ್ಲ. ಇಲ್ಲ, ಪ್ರಯೋಗಾಲಯದಲ್ಲಿ ಹಾಗೆ ನೇರವಾಗಿ ಯಾರೂ ಅಳೆದಿಲ್ಲ ಅಂದೆ. ಎರಡು ವಸ್ತುಗಳ ನಡುವಿನ ಎಳೆತವನ್ನು ಮನೆಯೊಳಗೆ ಅಳೆದವನು ಕ್ಯಾವೆಂಡಿಷ್, 1798ರಲ್ಲಿ. ಅವನು ಬಳಸಿದ ದೊಡ್ಡ ಸೀಸದ ಗುಂಡು ಒಂದೊಂದೂ 158 ಕೆ.ಜಿ. ಅಷ್ಟು ತೂಗುವ ಬೆಳಕು ಬೇಕಾದರೆ ಇಡೀ ಭೂಮಿಯ ಮೇಲೆ ಬೀಳುವ ಬಿಸಿಲನ್ನೆಲ್ಲ 80 ಸೆಕೆಂಡು ಹಿಡಿದು, ಒಂದು ಕನ್ನಡಿ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಹಾಕಬೇಕು ಅಂದೆ.

ಅವನು ನಕ್ಕ. "ಡಬ್ಬಿ ಯಾವ ಮೆಟೀರಿಯಲ್‌ದು ಮಾಡ್ತೀಯಾ?" ಅಂದ.

ಇಪ್ಪತ್ತು ವರ್ಷ ಆದಮೇಲೂ ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಮಕ್ಕಳೇ, ಅವನು ಇವತ್ತು ಪಾಳಿ ಬದಲಾಯಿಸಿಕೊಂಡು ಬಂದು ಮೂರನೇ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದಾನೆ. ಊಟದ ಹೊತ್ತಿಗೆ ಹಿಡಿದುಕೊಳ್ಳಿ.